ಬ್ರೆಡ್ಡಿನ ವಾಸನೆಯ ಕೆಳಗೆ

ಗಂಡನಿಗೆ ಹಳೆಯ ಸಂತೆಯೂರುಗಳ ಹುಚ್ಚು ಹತ್ತಿದಾಗಿನಿಂದ ಲಿನೆಟ್‌ಗೆ ಶನಿವಾರವೆಂದರೆ ಮೈ ಉರಿಯುತ್ತಿತ್ತು. ಕೋವೆಂಟ್ರಿಯ ಬಸ್ ಡಿಪೋದಲ್ಲಿ ಜೀವಮಾನವೆಲ್ಲ ಎಂಜಿನ್ ಬಿಚ್ಚಿ ಕಟ್ಟಿದ ರಸೆಲ್‌ಗೆ, ನಿವೃತ್ತಿ ಹತ್ತಿರ ಬಂದಂತೆಲ್ಲ, ತಾನು ಹುಟ್ಟಬೇಕಾಗಿದ್ದುದು ಕಲ್ಲುಹಾಸಿನ ಬೀದಿಯ ಇಂಥ ಊರುಗಳಲ್ಲೇ, ದೇವರು ಎಲ್ಲೋ ತಪ್ಪಿ ಬೇರೆ ಕಡೆ ಇಳಿಸಿಬಿಟ್ಟ ಎಂಬ ನಂಬಿಕೆ ಬಲವಾಗಿತ್ತು. ವಾರಕ್ಕೊಂದು ಊರು. ಲಿನೆಟ್ ವೃದ್ಧರ ಆರೈಕೆಯ ಮನೆಯೊಂದರಲ್ಲಿ ರಾತ್ರಿಪಾಳಿ ಮುಗಿಸಿ, ಸಮವಸ್ತ್ರದ ಮೇಲೆ ಕೋಟು ಹಾಕಿಕೊಂಡು ನೇರ ಕಾರು ಹತ್ತಬೇಕು. ದಾರಿಯುದ್ದಕ್ಕೂ ಬಾಯಿ ತೆರೆದುಕೊಂಡು ನಿದ್ದೆ ಮಾಡಬೇಕು. ಎಚ್ಚರವಾದಾಗ ಎದುರಿಗೆ ಮತ್ತೊಂದು ಗಡಿಯಾರದ ಗೋಪುರ.

ಯಾವ ಊರಿಗೆ ಹೋದರೂ ಅದೇ. ಚೌಕದ ನಡುವೆ ಮೂಗು ಸವೆದ ಸಂತರ ಕೆತ್ತನೆಯಿರುವ ಕಲ್ಲಿನ ಶಿಲುಬೆ, ಅದರ ಕಟ್ಟೆಯ ಮೇಲೆ ಎದೆಗೆಲ್ಲ ಐಸ್‌ಕ್ರೀಂ ಸುರಿಸಿಕೊಂಡು ಕೂತ ಜನ. ಹೆಸರಿಗೆ ಸಂತೆ, ಹುಡುಕಿದರೂ ಒಂದು ಆಲೂಗಡ್ಡೆ ಸಿಗದು. ಸಿಗುವುದು ಲ್ಯಾವೆಂಡರ್ ಸೋಪು, ಪರಿಮಳದ ಮೇಣದಬತ್ತಿ, ನಾಯಿಗಳಿಗೆಂದೇ ಮಾಡಿದ ಕೇಕು. ಇವತ್ತು ವೆನ್‌ಫರ್ಡ್ ಎಂಬ ಈ ಊರಿನಲ್ಲಿ ಕಾರು ಇಳಿಯುತ್ತಿದ್ದ ಹಾಗೇ ಅವಳ ಕಣ್ಣಿಗೆ ಬಿದ್ದವನು, ತನ್ನ ಐಸ್‌ಕ್ರೀಮನ್ನು ನಾಯಿಗೆ ನೆಕ್ಕಿಸಿ, ಅದು ನಾಲಿಗೆ ಒಳಗೆಳೆದುಕೊಂಡ ಮೇಲೆ ತಾನು ನೆಕ್ಕಿ, ಮತ್ತೆ ನಾಯಿಯ ಬಾಯಿಗೆ ಹಿಡಿಯುತ್ತಿದ್ದ ಒಬ್ಬ ಗಡ್ಡದವನು. ಸರದಿಯಂತೆ, ಬಹಳ ನ್ಯಾಯವಾಗಿ.

"ಆ ಗೋಪುರ ನೋಡೇ ಲಿನ್," ಎಂದ ರಸೆಲ್. "ಒಂದು ಕಡೆ ವಾಲಿದೆ. ಎಷ್ಟು ಚಂದ!"

"ನಮ್ಮ ಬೇಲಿಯೂ ವಾಲಿದೆ. ಅದನ್ನ ನೋಡ್ಕೊಂಡು ಮನೇಲೇ ಇರಬಹುದಿತ್ತು."

ಟೀ ಅಂಗಡಿಯಲ್ಲಿ ಅರ್ಧ ಗಂಟೆ ಸಾಲು ನಿಂತು ಕೂತರೆ, ಲಿನೆಟ್‌ಳ ಬಟ್ಟಲಿನ ಅಂಚಿನಲ್ಲಿ ಯಾರದೋ ತುಟಿಯ ಬಣ್ಣ. ರಸೆಲ್ ಕಚ್ಚಿದ ಬನ್ನಿನಿಂದ ಒಂದು ಉದ್ದ ಕೂದಲು ಹೊರಟಿತು. ಅದನ್ನು ಅವನು ಮೆಲ್ಲಗೆ, ಯಾರಿಗೂ ಕಾಣದ ಹಾಗೆ, ಬಾಯಿಯಿಂದ ಎಳೆದು ತಟ್ಟೆಯಡಿ ಅಂಟಿಸಿದ. ಅಷ್ಟರಲ್ಲಿ ಪರಿಚಾರಿಕೆ ಬಂದು, "ಎಲ್ಲಾ ಚೆನ್ನಾಗಿದೆಯಾ?" ಎಂದಳು.

"ತುಂಬಾ ಚೆನ್ನಾಗಿದೆ," ಎಂದರು ಇಬ್ಬರೂ, ಒಟ್ಟಿಗೇ.

ಹೊರಗೆ ಬಂದ ಮೇಲೆ ರಸೆಲ್ ಅವಳ ಮೊಣಕೈ ಹಿಡಿದು ನದಿಯ ಕಡೆಯ ಓಣಿಗೆ ತಿರುಗಿಸಿದ. ಅವನ ಕೈ ಬೆವತಿತ್ತು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಸಾಕಿತ್ತು.

"ಏನು ಮಾಡಿದೀಯ ಹೇಳು."

"ಏನಿಲ್ಲ ಮಾರಾಯ್ತಿ. ಒಂದು ಮನೆ ಇದೆ. ನೋಡು ಅಷ್ಟೇ."

"ನೋಡಿ?"

"ನಮ್ಮನೆ ತಗೊಳ್ಳೋರು ಕಾಯ್ತಾ ಇದಾರಲ್ಲ. ಸೋಮವಾರ ವಕೀಲರು ಎರಡೂ ಕಾಗದ ಒಟ್ಟಿಗೇ ಮಾಡಿಸ್ತಾರಂತೆ. ಅದು ಮಾರಿ, ಇದು ಕೊಂಡು..." ಅವನು ತನ್ನ ಹೊಸ ಶೂ ನೋಡಿಕೊಂಡ. "ನಾನು ಫೋನಲ್ಲಿ ಹೂಂ ಅಂದ್ಬಿಟ್ಟಿದೀನಿ, ಲಿನ್."

ಲಿನೆಟ್ ನಿಂತಲ್ಲೇ ನಿಂತಳು. ಅವನ ವರಾತ ತಾಳಲಾರದೆ ಮನೆ ಮಾರಾಟಕ್ಕಿಡಲು ಅವಳೂ ಹೂಂ ಅಂದಿದ್ದಳು, ಆದರೆ ತನ್ನನ್ನು ಕೇಳದೆ ಇನ್ನೊಂದನ್ನು ಕೊಳ್ಳುತ್ತಾನೆ ಎಂದುಕೊಂಡಿರಲಿಲ್ಲ. ಕೋವೆಂಟ್ರಿಯ ಆ ಸಾಲುಮನೆಯಲ್ಲಿ ಚಂದವೆಂಬುದು ಯಾವ ಮೂಲೆಯಲ್ಲೂ ಇರಲಿಲ್ಲ, ನಿಜ. ಆದರೆ ಗೋಡೆಗಳು ಒಣಗಿದ್ದವು. ಮಗಳು ಎರಡು ಬೀದಿ ಆಚೆ ಇದ್ದಳು. ಪಾಳಿ ಮುಗಿಸಿ ಬಂದವಳು ಬಾಗಿಲು ತೆಗೆದರೆ ತನ್ನದೇ ಮನೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ದುಡಿದದ್ದೆಲ್ಲ ಆ ನಾಲ್ಕು ಗೋಡೆಗಳಲ್ಲೇ ಇತ್ತು. ಸೋಮವಾರ ಸಹಿ ಬಿದ್ದರೆ ಅದು ಹೋಯಿತು. ಬೀಳುವವರೆಗೆ ಮಾತ್ರ ಯಾರು ಬೇಕಾದರೂ ಬೇಡ ಎನ್ನಬಹುದು.

ಮನೆ ನದಿಯ ದಂಡೆಯಲ್ಲೇ ಇತ್ತು. ಬಿಳಿ ಗೋಡೆಗೆ ಕಪ್ಪು ತೊಲೆಗಳ ಚಿತ್ತಾರ, ಬಾಗಿಲ ಮೇಲೆ ಗುಲಾಬಿ ಬಳ್ಳಿ. ರಸೆಲ್‌ನ ಮುಖ ಮದುಮಗನ ಮುಖದಂತಾಯಿತು. ಬಾಗಿಲು ತೆಗೆದ ಮಿಸೆಸ್ ಬೆವನ್ ಬೆಳ್ಳಿಗೂದಲಿನ, ಸಣಕಲು ಮೈಯ ವಿಧವೆ. ಮುತ್ತಿನ ಸರ ಹಾಕಿದ್ದರು. ಅವರ ಹಿಂದಿನಿಂದ ಆಗಷ್ಟೇ ಬೆಂದ ಬ್ರೆಡ್ಡಿನ ವಾಸನೆ ಒಂದು ಅಲೆಯಾಗಿ ಬಂತು.

ಅದರಲ್ಲಿ ಲಿನೆಟ್‌ಗೆ ಆಶ್ಚರ್ಯವೇನಿರಲಿಲ್ಲ. ಮನೆ ಮಾರುವವರೆಲ್ಲ ಮಾಡುವುದೇ ಅದು. ನೋಡುವವರು ಬರುವ ಹೊತ್ತಿಗೆ ಸರಿಯಾಗಿ ಓವನ್ನಿಗೆ ಬ್ರೆಡ್ ಇಡುವುದು. ತಮ್ಮ ಮನೆ ನೋಡಲು ಜನ ಬಂದಾಗ ಅವಳೂ ಇಟ್ಟಿದ್ದಳು. ಬೆಂದ ಹಿಟ್ಟಿನ ಘಮಕ್ಕೆ ಜನ ಕರಗಿ, ತಮ್ಮ ಅಜ್ಜಿಯ ಮನೆಯನ್ನೇ ಕಂಡಂತೆ ಆಡುತ್ತಾರೆ.

ಆದರೆ ಎರಡನೆಯ ಉಸಿರಿಗೆ ಅವಳ ಮೂಗು ಚುರುಕಾಯಿತು. ಬ್ರೆಡ್ಡಿನ ಕೆಳಗೆ ಇನ್ನೊಂದಿತ್ತು. ತಣ್ಣಗೆ, ಸಿಹಿಯಾಗಿ, ನೆಲದಿಂದ ಮೇಲೇಳುತ್ತಿತ್ತು. ಮೂರನೆಯ ಉಸಿರಿಗೆ ಅನುಮಾನವೇ ಉಳಿಯಲಿಲ್ಲ. ಹೇಲು. ರಾತ್ರಿಯಿಡೀ ಅವಳು ಬದಲಿಸಿದ ಹಾಸಿಗೆಗಳ ವಾಸನೆಯೂ ಅದೇ. ಆದರೆ ಅದಕ್ಕೆ ಅವಳೆಂದೂ ಹೇಸಿದ್ದಿಲ್ಲ. ಅದು ಕೈಲಾಗದವರದು, ನಾಚಿಕೊಂಡು ಮುಖ ತಿರುಗಿಸುವ ಮುದುಕರದು. ಇದು ಬ್ರೆಡ್ ಹೊದ್ದುಕೊಂಡು ಬಂದಿತ್ತು.

"ಈ ವಾರ ಮಳೆ ಸ್ವಲ್ಪ ಜಾಸ್ತೀನೇ ಆಯ್ತು," ಎಂದರು ಮಿಸೆಸ್ ಬೆವನ್.

"ಹೌದೌದು, ಜಾಸ್ತೀನೇ," ಎಂದ ರಸೆಲ್. "ಇವತ್ತು ಪರವಾಗಿಲ್ಲ ಅಲ್ವಾ?"

"ಇವತ್ತು ಪರವಾಗಿಲ್ಲ."

ಮೂವರೂ ಆ ನಾತದ ನಡುವೆ ನಿಂತು ಮಳೆಯ ಬಗ್ಗೆ ಇನ್ನಷ್ಟು ಮಾತಾಡಿದರು. ಲಿನೆಟ್ ಕೂಡ ನಾಲ್ಕು ಮಾತು ಸೇರಿಸಿದಳು. ಸೇರಿಸಿ ತನ್ನ ಮೇಲೆ ತನಗೇ ಹೇಸಿಗೆಪಟ್ಟಳು. ಗಂಡನ ಮುಖ ನೋಡಿದರೆ ಅವನ ಮೂಗಿನ ಹೊಳ್ಳೆಗಳು ಬಿಗಿದುಕೊಂಡಿದ್ದವು. ಬಾಯಿಯಿಂದ ಉಸಿರಾಡುತ್ತಿದ್ದ. ಅಂದರೆ ಇವನಿಗೂ ಗೊತ್ತು.

ಅಡುಗೆಮನೆಯಲ್ಲಿ ಮಿಸೆಸ್ ಬೆವನ್ ಬ್ರೆಡ್ ಕೊಯ್ದರು. ಚಾಕು ಎಲ್ಲಿಟ್ಟರೋ, ಹೆಬ್ಬೆರಳಿನಿಂದಲೇ ಬೆಣ್ಣೆ ಸವರಿ, ಆ ಬೆರಳನ್ನು ನೆಕ್ಕಿ, ಮುಂದಿನ ತುಂಡಿಗೆ ಹೋದರು.

"ತಗೊಳ್ಳಿ, ನಾಚ್ಕೋಬೇಡಿ. ಇನ್ನೇನು ನಿಮ್ಮದೇ ಮನೆ."

ರಸೆಲ್ ತಿಂದ. ಲಿನೆಟ್ ತನ್ನ ಪಾಲನ್ನು ಕೈಯಲ್ಲೇ ಹಿಡಿದುಕೊಂಡು, ಮೆಟ್ಟಿಲ ಕೆಳಗಿನ ಗಿಡ್ಡ ಬಾಗಿಲಿನತ್ತ ನೋಡಿದಳು. ಅದರ ಬುಡಕ್ಕೆ ಒಂದು ಕಂಬಳಿಯನ್ನು ಸುರುಳಿ ಸುತ್ತಿ ಒತ್ತಿಟ್ಟಿದ್ದರು.

"ಅದೇನದು?"

"ನೆಲಮಾಳಿಗೆ. ಹಾಗೇ ಸುಮ್ಮನೆ, ಹಳೇ ಸಾಮಾನು. ಬಲ್ಬು ಬೇರೆ ಹೋಗಿದೆ. ಮುಂದಿನ ಸಲ ಬಂದಾಗ ನೋಡಿದ್ರಾಯ್ತು."

"ಈಗಲೇ ನೋಡ್ತಾನೆ ಇವನು. ರಸೆಲ್, ಇಳಿದು ನೋಡು."

"ಯಾಕೆ ಲಿನ್, ಅವರಿಗೆ ತೊಂದರೆ..."

"ಇಳಿ ಅಂದೆ."

ಕಂಬಳಿ ಸರಿಸಿ ಬಾಗಿಲು ತೆಗೆದ ಕ್ಷಣ ಬ್ರೆಡ್ ಸೋತಿತು. ಸತ್ತ ಇಲಿ, ಕೊಳೆತ ಎಲೆಕೋಸು, ಹಲವು ಕುಟುಂಬಗಳ ಕಕ್ಕಸು, ಎಲ್ಲ ಒಂದೇ ಬಾಯಲ್ಲಿ ಉಸಿರುಬಿಟ್ಟ ಹಾಗೆ. ಮಿಸೆಸ್ ಬೆವನ್‌ರ ಮುಖದಲ್ಲಿ ಒಂದು ನೆರಿಗೆಯೂ ಅಲುಗಲಿಲ್ಲ. ರಸೆಲ್ ಫೋನಿನ ಬೆಳಕು ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಆಮೇಲೆ 'ಪಚಕ್' ಎಂದು ಒಂದು ಸದ್ದು. ಆಮೇಲೆ ಏನೂ ಇಲ್ಲ.

"ಬೆಣ್ಣೆ ಸಾಕಾಯ್ತಾ ನಿಮಗೆ?" ಎಂದರು ಮಿಸೆಸ್ ಬೆವನ್, ಲಿನೆಟ್ ಕಡೆ ತಿರುಗಿ.

ಕೆಳಗಿನಿಂದ ರಸೆಲ್‌ನ ದನಿ, ಬಾವಿಯೊಳಗಿಂದ ಬಂದಂತೆ: "ಒಳ್ಳೇ ವಿಶಾಲವಾಗಿದೆ!"

ಅವನು ಮೇಲೆ ಬಂದಾಗ ಪ್ಯಾಂಟು ಮೊಣಕಾಲಿನ ಕೆಳಗೆಲ್ಲ ಕಪ್ಪಾಗಿ ಕಾಲಿಗಂಟಿತ್ತು. ಹೊಸ ಬ್ರೌನ್ ಶೂಗಳ ಬಣ್ಣವೇ ತಿಳಿಯುತ್ತಿರಲಿಲ್ಲ. ಎಡಗಾಲಿನ ಮೇಲೆ ಯಾರೋ ಒರೆಸಿ ಬಿಸಾಡಿದ ಕಾಗದದ ಚೂರು ಅಂಟಿಕೊಂಡಿತ್ತು. ಅವನು ಕಲ್ಲುನೆಲದ ಮೇಲೆ ಹೆಜ್ಜೆಗುರುತು ಬಿಡುತ್ತ ಬಂದು, ಮನೆಯೊಡತಿಯತ್ತ ನೋಡಿ ಮುಗುಳ್ನಕ್ಕ.

"ವೈನ್ ಇಡೋಕೆ ಹೇಳಿ ಮಾಡಿಸಿದ ಜಾಗ. ತಂಪಾಗಿದೆ."

ರಸೆಲ್ ಜನ್ಮದಲ್ಲಿ ವೈನ್ ಮುಟ್ಟಿದವನಲ್ಲ.

ಆ ಕ್ಷಣ ಲಿನೆಟ್‌ಗೆ ಹೇಸಿಗೆಯಾದದ್ದು ಅವನ ಕಾಲು ನೋಡಿ ಅಲ್ಲ, ಅವನ ನಗು ನೋಡಿ. ಈ ಮನುಷ್ಯ ಸೋಮವಾರ ಸಹಿ ಹಾಕುತ್ತಾನೆ. ಹಾಕಿ, ಸಾಯುವ ತನಕ ಈ ಅಡುಗೆಮನೆಯಲ್ಲಿ ಬಾಯಿಯಿಂದ ಉಸಿರಾಡುತ್ತ, ಬಂದ ನೆಂಟರಿಗೆ ತೊಲೆ ತೋರಿಸುತ್ತಾನೆ. ಮನೆ ಬೇಕೆಂದೇನೂ ಅಲ್ಲ. ಬೇಡ ಎನ್ನಲು ನಾಚಿಕೆಯೆಂದು.

"ಈ ಮನೆ ಹೇಲು ನಾರ್ತಾ ಇದೆ," ಎಂದಳು ಲಿನೆಟ್.

ಮಾತು ಗಟ್ಟಿಯಾಗಿಯೇ ಬಂತು. ರಸೆಲ್ ಕಪಾಳಕ್ಕೆ ಏಟು ಬಿದ್ದವನಂತೆ ಕಣ್ಣು ಮುಚ್ಚಿದ. ಮಿಸೆಸ್ ಬೆವನ್ ಚಾಕು ಹುಡುಕಿ ಎತ್ತಿಕೊಂಡರು, ಮತ್ತೆ ಕೆಳಗಿಟ್ಟರು.

"ಎಷ್ಟೋ ಜನ ಬಂದು ನೋಡಿಕೊಂಡು ಹೋದರು. ಒಬ್ಬರೂ ಹೀಗೆ ಮಾತಾಡಲಿಲ್ಲ."

"ಮಾತಾಡಲಿಲ್ಲ. ಹೋದರಲ್ಲ? ಮತ್ತೆ ಬಂದರಾ?"

"ನೀವು ಬಂದಿರಲ್ಲ," ಎಂದರು ಆಕೆ ರಸೆಲ್‌ನ ಕಡೆಗೆ, ಬಹಳ ಮೃದುವಾಗಿ.

"ಲಿನ್, ನಾನು ಮಾತು ಕೊಟ್ಟಿದೀನಿ ಕಣೇ."

"ಸಹಿ ಹಾಕಿಲ್ಲವಲ್ಲ."

"ಈಗ ಬೇಡ ಅಂದ್ರೆ ಅವರೇನು ತಿಳ್ಕೋತಾರೆ?"

"ಕಾಲಿಗೆ ಊರವರ ಹೇಲು ಮೆತ್ತಿಕೊಂಡು ನಿಂತಿದೀಯ, ಅವರೇನು ತಿಳ್ಕೋತಾರೆ ಅಂತ ಚಿಂತೆ ನಿನಗೆ!"

ಮಿಸೆಸ್ ಬೆವನ್ ಕುರ್ಚಿ ಎಳೆದು ಕೂತರು. ಒಮ್ಮೆಗೇ ಹತ್ತು ವರ್ಷ ಹೆಚ್ಚಾದಂತೆ ಕಂಡರು. "ನದಿ ತುಂಬಿದಾಗೆಲ್ಲ ಮೋರಿ ಹಿಂದಕ್ಕೆ ನುಗ್ಗುತ್ತೆ. ನಮ್ಮ ಅತ್ತೆ ಕಾಲದಿಂದಲೂ. ನೀವೆಲ್ಲ ಹಳೇದು ಬೇಕು, ಹಳೇದು ಬೇಕು ಅಂತ ಬಸ್ಸು ತುಂಬ ಬರ್ತೀರಲ್ಲಮ್ಮ? ಹಳೇದು ಅಂದ್ರೆ ಇದೇ. ಮೇಲಿನ ತೊಲೆ ಮಾತ್ರ ಬೇಕು, ಕೆಳಗಿನದು ಬೇಡ ಅಂದ್ರೆ ಹೇಗೆ?"

ಲಿನೆಟ್‌ಗೆ ಒಂದು ಗಳಿಗೆ ಆಕೆಯ ಮೇಲೆ ಕನಿಕರ ಬಂದದ್ದು ಸುಳ್ಳಲ್ಲ. ಒಂಟಿ ಜೀವ, ಮಳೆ ಬಂದಾಗಲೆಲ್ಲ ಕಂಬಳಿ ಸುತ್ತಿಡುತ್ತ ಕೂತಿದೆ. ಆದರೆ ಅಷ್ಟರಲ್ಲಿ ಓವನ್ ಟಿಣ್ ಎಂದಿತು. ಒಳಗೆ ಇನ್ನೊಂದು ಬ್ರೆಡ್ ಬೇಯುತ್ತಿತ್ತು. ಮಿಸೆಸ್ ಬೆವನ್ ಎದ್ದು, ಸೆರಗಿನಂತೆ ಏಪ್ರನ್ ಕೊಡವಿ, ಮುತ್ತಿನ ಸರ ಸರಿಮಾಡಿಕೊಂಡರು. ಕಾಲಿನಿಂದ ಕಂಬಳಿಯನ್ನು ಬಾಗಿಲ ಬುಡಕ್ಕೆ ತಳ್ಳಿದರು.

"ನಮಗೆ ಈ ಮನೆ ಬೇಡ," ಎಂದಳು ಲಿನೆಟ್. "ಸೋಮವಾರ ವಕೀಲರಿಗೂ ನಾನೇ ಹೇಳ್ತೀನಿ."

"ನಿಮ್ಮಿಷ್ಟ. ಬೇರೆಯವರು ಬರ್ತಾ ಇದಾರೆ."

ಬಂದೂ ಆಗಿತ್ತು. ಹೊಸ್ತಿಲಲ್ಲಿ ಒಂದು ಎಳೆಯ ಜೋಡಿ ನಿಂತಿತ್ತು. ಹುಡುಗಿಯ ಎದೆಗೆ ಕಟ್ಟಿದ ಜೋಳಿಗೆಯಲ್ಲಿ ಕೂಸು ಮಲಗಿತ್ತು. ಹುಡುಗ ತಲೆಯೆತ್ತಿ ಗುಲಾಬಿ ಬಳ್ಳಿಯ ಫೋಟೋ ತೆಗೆಯುತ್ತಿದ್ದ.

"ಆಹಾ, ಬ್ರೆಡ್ಡಾ?" ಎಂದಳು ಹುಡುಗಿ ಕಣ್ಣು ಅರಳಿಸಿ. "ನೀವೂ ಮನೆ ನೋಡೋಕೆ ಬಂದಿದ್ರಾ? ಹೇಗಿದೆ?"

"ಒಳ್ಳೇ ಮನೆ," ಎಂದ ರಸೆಲ್ ತಕ್ಷಣ. ಅವನ ಮುಖದಲ್ಲಿ ಹೊರೆ ಇಳಿದವನ ನಿರಾಳ ಕಂಡಿತು. "ನಿಮಗೆ ಖಂಡಿತ ಹಿಡಿಸುತ್ತೆ. ತೊಲೆಗಳನ್ನ ನೋಡಿ ಮೊದಲು."

ಲಿನೆಟ್ ಅವನನ್ನು ನೋಡಿದಳು. ಅವಳ ನಾಲಿಗೆಯ ತುದಿಗೂ ಬಂದು ನಿಂತದ್ದು 'ಚೆನ್ನಾಗಿದೆ' ಎಂಬ ಅದೇ ಮಾತು. ಕೆಮ್ಮಿನ ಹಾಗೆ, ತಾನಾಗಿ. ಅದನ್ನು ಹಿಂದಕ್ಕೆ ತಳ್ಳಲು ಅವಳು ಹಲ್ಲು ಕಚ್ಚಬೇಕಾಯಿತು.

"ಮೆಟ್ಟಿಲ ಕೆಳಗೊಂದು ಬಾಗಿಲಿದೆ ನೋಡಮ್ಮ. ಮೊದಲು ಅದನ್ನ ತೆಗೆಸು. ಮಗೂನ ಹೊರಗೆ ಬಿಟ್ಟು ಹೋಗು. ಕೆಳಗೆಲ್ಲ ಮೋರಿ ನೀರು ನಿಂತಿದೆ. ಇವನ ಕಾಲು ನೋಡು ಬೇಕಾದ್ರೆ."

ಹುಡುಗಿ ನೋಡಿದಳು. ಅವಳ ಮೂಗು ಸೊಟ್ಟಗಾಯಿತು. ಆದರೆ ಆ ಮೂಗು ತಿರುಗಿದ್ದು ಮನೆಯ ಕಡೆಗಲ್ಲ. ರಸೆಲ್‌ನ ಕಾಲಿನಿಂದ ಲಿನೆಟ್‌ಳ ಕೋಟಿನಡಿ ಕಾಣುತ್ತಿದ್ದ ಸಮವಸ್ತ್ರಕ್ಕೆ, ಅಲ್ಲಿಂದ ಅವಳ ನಿದ್ದೆಗೆಟ್ಟ ಮುಖಕ್ಕೆ. ಕೂಸಿನ ತಲೆಯ ಮೇಲೆ ಅಂಗೈ ಅಡ್ಡ ಹಿಡಿದು, ಇವರಿಗೆ ತಾಗದ ಹಾಗೆ ಗೋಡೆಗೊತ್ತಿಕೊಂಡು ದಾರಿ ಬಿಟ್ಟಳು.

"ಥ್ಯಾಂಕ್ಯೂ," ಎಂದಳು, ತೆಳ್ಳಗೆ.

ಬಾಗಿಲು ಹಾಕಿಕೊಂಡಿತು. ಒಳಗಿನಿಂದ ಮಿಸೆಸ್ ಬೆವನ್‌ರ ದನಿ ಕೇಳಿತು, ಮಳೆಯ ಬಗ್ಗೆ. ಆಮೇಲೆ ಹುಡುಗಿಯದು: "ಎಷ್ಟು ಚೆನ್ನಾಗಿದೆ!"

ಲಿನೆಟ್ ಮತ್ತೆ ಬಾಗಿಲು ಬಡಿಯಲು ಕೈ ಎತ್ತಿದಳು. ಎತ್ತಿದ ಕೈಯಲ್ಲಿ ಇನ್ನೂ ಆ ಬ್ರೆಡ್ ಇತ್ತು, ಬೆಣ್ಣೆ ಕರಗಿ ಮಣಿಕಟ್ಟಿನವರೆಗೆ ಇಳಿದಿತ್ತು. ಹೇಳುವುದನ್ನು ಹೇಳಿಯಾಗಿತ್ತು. ಅವಳು ಬ್ರೆಡ್ಡನ್ನು ನದಿಗೆಸೆದು, ಕೈಯನ್ನು ಗೋಡೆಯ ಕಲ್ಲಿಗೆ ಉಜ್ಜಿ ಉಜ್ಜಿ ಒರೆಸಿಕೊಂಡಳು.

ಕಾರಿನ ಹತ್ತಿರ ರಸೆಲ್ ಶೂ, ಕಾಲುಚೀಲ ಎರಡನ್ನೂ ಕಳಚಿ ಕಸದ ತೊಟ್ಟಿಗೆ ಹಾಕಿ, ಪ್ಯಾಂಟು ಮಡಚಿ, ಬೆಳ್ಳನೆಯ ಬರಿಗಾಲಲ್ಲಿ ನಿಂತ. ಚೌಕದಿಂದ ಬರುತ್ತಿದ್ದ ಜನ ಅವನನ್ನು ನೋಡಿ, ನೋಡದವರಂತೆ ಮುಖ ತಿರುಗಿಸಿಕೊಂಡು ಹೋದರು.

"ನಂಗೂ ವಾಸನೆ ಬಂದಿತ್ತು," ಎಂದ, ಸ್ಟಿಯರಿಂಗ್ ಹಿಡಿದ ಮೇಲೆ. "ಹೋದ ತಿಂಗಳು ನಾನೊಬ್ಬನೇ ಬಂದಾಗಲೇ."

"ಗೊತ್ತು."

"ಅವರು ಅಷ್ಟು ಪ್ರೀತಿಯಿಂದ ಬ್ರೆಡ್ ಕೊಟ್ರಲ್ಲ ಲಿನ್. ಹೇಗೆ ಹೇಳೋದು?"

ಲಿನೆಟ್ ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಊರು ದಾಟುವಷ್ಟರಲ್ಲಿ ಮಳೆ ಶುರುವಾಗಿ ಎರಚಲು ತೊಡೆಯ ಮೇಲೆ ಬೀಳತೊಡಗಿತು. ರಸೆಲ್ ಚಳಿಗೆ ನಡುಗುತ್ತ ಎರಡು ಸಲ ಅವಳ ಕಡೆ ನೋಡಿದ. ಗಾಜು ಏರಿಸು ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಅವಳೂ ಏರಿಸಲಿಲ್ಲ.