ನಾನು, ‘ಹಾಸಿಗೆ ಕಾಯ್ದಿರಿಸಿ’ ಬಟನ್

ನಾನು ಒಂದು ಬಟನ್. ಅಂಗಿಯದಲ್ಲ, ಗೋಡೆಯ ಮೇಲಿನದೂ ಅಲ್ಲ. ಗದಗಿನ ಒಂದು ಧರ್ಮಾರ್ಥ ಡಯಾಲಿಸಿಸ್ ಕೇಂದ್ರದ ವೆಬ್ ಪುಟದಲ್ಲಿ, ತಳದ ವಿಳಾಸಕ್ಕಿಂತ ಒಂದು ಸಾಲು ಮೇಲೆ ನನ್ನ ವಾಸ. ‘ಹಾಸಿಗೆ ಕಾಯ್ದಿರಿಸಿ’ ಎಂಬುದು ನನ್ನ ಹೆಸರು.

ನನ್ನನ್ನು ಬರೆದವಳು ಅಂಬುಜಾ. ಪುಟವನ್ನು ಕಟ್ಟಿಕೊಡುವ ಪುಟ್ಟ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ನನಗೆ ಬೇಕಾಗಿದ್ದುದು ಒಂದೇ ಸಾಲು. ಆ ಸಾಲಿನ ಮೊದಲ ಪದದಲ್ಲೇ ನಾನು ಬಟನ್ ಎಂದು ಬ್ರೌಸರಿಗೆ ತಿಳಿಯುವಂತೆ ಬರೆದಳು; ನಡುವೆ ನನ್ನ ಹೆಸರಿಟ್ಟಳು. ಆಮೇಲೆ ಹಳೆಯ ಸಣ್ಣ ಫೋನಿನಲ್ಲಿ ನಾನು ಅಂಚಿನಿಂದ ಆಚೆ ಬೀಳುತ್ತೇನೆಯೇ ಎಂದು ನೋಡಿದಳು. ಹೆಬ್ಬೆರಳಿಗಿಂತ ಅಗಲ ಮಾಡಿದಳು. ಬಿಸಿಲಿನಲ್ಲಿ ಹಿಡಿದು ಅಕ್ಷರ ಮಸುಕಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಳು.

ಪಕ್ಕದ ಕುರ್ಚಿಯ ಫಕೀರೇಶ ನಗುತ್ತಿದ್ದ. “ಒಂದ್ ಬಟನ್ನಿಗೆ ಇಷ್ಟ ಸಿಂಗಾರ ಯಾಕ ಅಂಬುಜಾ? ಕನ್ಯೆ ತೋರ್ಸಾಕ ಹೊಂಟೀ ಏನು?”

“ಒತ್ತೋರು ಬ್ಯಾನಿ ಇದ್ದೋರಪಾ,” ಅಂದಳು ಅವಳು. “ಅವರ ಕೈ ನಡುಗ್ತಿರ್ತಾವ.”

ಕೇಂದ್ರದಲ್ಲಿ ಯಂತ್ರಗಳು ಕಡಿಮೆ, ಮೂತ್ರಪಿಂಡ ಸೋತವರು ಹೆಚ್ಚು. ಹಾಗಾಗಿ ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆ ವಾರದ ಹಾಸಿಗೆಗಳು ಪುಟದಲ್ಲಿ ತೆರೆದುಕೊಳ್ಳುತ್ತವೆ. ಮೊದಲು ಒತ್ತಿದವರಿಗೆ ಹಾಸಿಗೆ. ಹತ್ತು ಗಂಟೆ ಹತ್ತಿರವಾದಂತೆ ಎಷ್ಟೋ ಫೋನುಗಳಲ್ಲಿ ಒಮ್ಮೆಗೇ ನಾನು ತೆರೆದುಕೊಳ್ಳುತ್ತೇನೆ. ಬೆರಳುಗಳು ನನ್ನ ಮೇಲೆ ಕಾಯುತ್ತವೆ. ಉಸಿರಾಟ ಕೇಳಿಸುತ್ತದೆ.

ಆ ಬೆರಳುಗಳಲ್ಲಿ ಒಂದನ್ನು ನಾನು ಬೇಗ ಗುರುತಿಸುತ್ತಿದ್ದೆ. ಅದು ಗುರುಸಿದ್ಧವ್ವನದು. ಸಕ್ಕರೆ ಕಾಯಿಲೆ ಮೊದಲು ಅವಳ ಕಣ್ಣು ತೆಗೆದುಕೊಂಡಿತು, ಆಮೇಲೆ ಮೂತ್ರಪಿಂಡ. ವಾರಕ್ಕೆರಡು ಸಲ ರಕ್ತ ಶುದ್ಧವಾಗದಿದ್ದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಗಂಡ ಚನ್ನವೀರಪ್ಪ ಹೊತ್ತು ಮೂಡುವ ಮೊದಲೇ ಸರಕಿನ ಗಾಡಿ ಹೊಡೆಯಲು ಹೋಗುತ್ತಿದ್ದ. ಅವಳ ಫೋನು ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುತ್ತಿತ್ತು. ಅವಳು ಬೆರಳು ಜಾರಿಸುತ್ತ ಕೇಳುವಳು. ನನ್ನ ಬಳಿ ಬಂದಾಗ ಫೋನು ಹೇಳುವುದು: “ಹಾಸಿಗೆ ಕಾಯ್ದಿರಿಸಿ. ಬಟನ್.”

“ಬಂದೇನಪಾ,” ಎನ್ನುತ್ತಾ ಒತ್ತುವಳು.

ಅಂಬುಜಾ ಬೆಳಗಾವಿಗೆ ಬೇರೆ ಕೆಲಸಕ್ಕೆ ಹೋದಳು. ನಾನು ಫಕೀರೇಶನ ಕೈಗೆ ಬಂದೆ. ಅವನು ಕೆಟ್ಟವನಲ್ಲ, ಅವಸರದವನು. ಒಂದು ದಿನ ಕೇಂದ್ರದ ಅಧ್ಯಕ್ಷರು ಫೋನ್ ಮಾಡಿದರು. ಯಾವುದೋ ಹೋಟೆಲಿನ ಪುಟ ನೋಡಿದ್ದರಂತೆ. “ನಮ್ಮದು ರೇಷನ್ ಅಂಗಡಿ ಬೋರ್ಡ್ ಇದ್ದಂಗ ಐತಿ. ಒಂದ್ ಚಂದನ್ನ ಮಂಚದ ಚಿತ್ರ ಹಾಕಪಾ.”

ಆ ಕಂಪನಿಯಲ್ಲಿ ಒಂದು ರೂಢಿ ಇತ್ತು. ಪುಟದಲ್ಲಿ ಏನು ಬದಲಾದರೂ ಅದರ ಫೋಟೋ ತೆಗೆದು ಅಧ್ಯಕ್ಷರ ವಾಟ್ಸ್ಆ್ಯಪಿಗೆ ಕಳಿಸಬೇಕು. ಅವರು ಹೆಬ್ಬೆರಳಿನ ಚಿತ್ರ ಕಳಿಸಿದರೆ ಒಪ್ಪಿಗೆ. ಫಕೀರೇಶ ಒಂದು ಖಾಲಿ ಚೌಕ ಬರೆದು, ಅದರ ಹಿನ್ನೆಲೆಗೆ ಕಿತ್ತಳೆ ಬಣ್ಣದ ಮಂಚ ಹಚ್ಚಿ ಫೋಟೋ ಕಳಿಸಿದ. ಕೂಡಲೇ ಹೆಬ್ಬೆರಳು ಬಂತು.

ನನ್ನನ್ನು ಅವನು ಅಳಿಸಲಿಲ್ಲ. ಮುಂದೆ ಬೇಕಾದೀತು ಎಂದು ನನ್ನ ಸಾಲಿನ ಆಚೆ ಈಚೆ ಕಾಮೆಂಟಿನ ಗುರುತು ಹಾಕಿದ. ಆ ಗುರುತಿನ ನಡುವೆ ಇರುವುದನ್ನು ಬ್ರೌಸರ್ ತೋರಿಸುವುದಿಲ್ಲ, ಓದಿ ಹೇಳುವುದೂ ಇಲ್ಲ. ಆದರೂ ಪುಟದ ಜೊತೆ ನಾನು ಪ್ರತಿ ಫೋನಿಗೂ ಹೋಗುತ್ತೇನೆ. ಎಲ್ಲವೂ ಕೇಳಿಸುತ್ತದೆ. ಬಾಯಿ ಬಿಡುವಂತಿಲ್ಲ.

ಸೋಮವಾರ ಬಂತು. ಕಣ್ಣಿದ್ದವರು ಮಂಚ ನೋಡಿದರು, ಒತ್ತಿದರು, ಹಾಸಿಗೆ ಪಡೆದರು. ಗುರುಸಿದ್ಧವ್ವನ ಬೆರಳು ಕೇಂದ್ರದ ಹೆಸರು ದಾಟಿತು, ದಿನಾಂಕ ದಾಟಿತು, ನೇರವಾಗಿ ಪುಟದ ತಳದ ವಿಳಾಸಕ್ಕೆ ಹೋಯಿತು. ಆ ಚೌಕದೊಳಗೆ ಒಂದು ಪದವೂ ಇಲ್ಲ. ತಾನು ಬಟನ್ ಎಂದು ಅದು ಯಾರಿಗೂ ಹೇಳುವುದಿಲ್ಲ. ಫೋನು ಅದನ್ನು ಹಾರಿ ಹೋಯಿತು. ಅವಳು ಹಿಂದಕ್ಕೆ ಬಂದಳು. ಮತ್ತೆ ಮುಂದಕ್ಕೆ. ನಾನು ಅವಳ ಬೆರಳಿನ ಕೆಳಗೇ ಇದ್ದೆ.

ಸಂಜೆ ಚನ್ನವೀರಪ್ಪ ಬಂದು ನೋಡುವಾಗ ಒಂದೇ ಒಂದು ಹಾಸಿಗೆ ಉಳಿದಿತ್ತು, ಶನಿವಾರದ್ದು; ಮಂಚ ಒತ್ತಿ ಅದನ್ನು ಪಡೆದ. ಓದಿ ಹೇಳುವ ಫೋನೇ ಕೆಟ್ಟಿರಬೇಕೆಂದು ಅವನು ಫೋನನ್ನು ಅಂಗಡಿಗೆ ಒಯ್ದು ತೋರಿಸಿ ತಂದ.

ಮುಂದಿನ ಸೋಮವಾರವೂ ಹಾಗೇ ಆಯಿತು. ಅವಳು ಕೇಂದ್ರಕ್ಕೆ ಫೋನ್ ಮಾಡಿದಳು. ಅವರು ಫಕೀರೇಶನ ನಂಬರ್ ಕೊಟ್ಟರು.

“ಅಲ್ಲೇ ಕೆಳಗ ಕಿತ್ತಳಿ ಬಣ್ಣದ ಮಂಚ ಐತಲ್ರಿ ಅಕ್ಕಾರ, ಅದನ್ನ ಒತ್ರಿ.”

“ಬಣ್ಣ ಬಿಟ್ಟು ಬ್ಯಾರೆ ಏನರ ಹೇಳಪಾ. ನನಗ ಕಣ್ಣಿಲ್ಲ.”

ಅವನು ತನ್ನ ಪರದೆಯ ಮೇಲಿನ ಮಂಚದತ್ತ ನೋಡಿದ.

“ಮೊದಲ ತನ್ನ ಹೆಸರು ತಾನ ಹೇಳ್ತಿತ್ತು,” ಅಂದಳು ಅವಳು. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. “ನನ್ನ ಕಣ್ಣು ಹೋತು, ನಿಮ್ಮ ಬಟನ್ನಿನ ಬಾಯಿ ಹೋತು. ಇಬ್ಬರನೂ ಒಂದ ವಾರ್ಡಿಗೆ ಹಾಕ್ರಿ.”

ಫಕೀರೇಶ ನಗಲಿಲ್ಲ. ತಾನೇ ಒತ್ತಿಕೊಡುತ್ತೇನೆಂದು ಪುಟ ತೆರೆದ. ಅಷ್ಟರಲ್ಲಿ ಎಲ್ಲ ಹಾಸಿಗೆಯೂ ತುಂಬಿತ್ತು.

ಅವನು ಆವತ್ತೇ ಪುಟದ ಕಡತ ತೆರೆದು, ನನ್ನ ಸುತ್ತಲಿನ ಗುರುತು ತೆಗೆದು, ಆ ಚಿತ್ರವನ್ನು ನನ್ನ ಮೈಮೇಲೇ ಹಚ್ಚಿದ. ನೋಡಲು ಅದೇ ಮಂಚ. ಒಳಗೆ ನಾನು, ನನ್ನ ಹೆಸರಿನ ಸಮೇತ. ಫೋಟೋ ತೆಗೆದು ಅಧ್ಯಕ್ಷರಿಗೆ ಕಳಿಸಿದ. ಉತ್ತರ ಬಂತು: “ಎರಡೂ ಒಂದ ಅದಾವಲ್ಲೋ. ಏನ ಬದಲಾತು? ಹಬ್ಬ ಮುಗೀಲಿ, ನೋಡೋಣ.”

ಒಪ್ಪಿಗೆಯಿಲ್ಲದೆ ಪುಟ ಏರಿಸಿದರೆ ಕೆಲಸ ಹೋಗುತ್ತದೆ. ಮಂಗಳವಾರ ಹೋಯಿತು, ಬುಧವಾರ ಹೋಯಿತು. ನಾನು ಅವನ ಯಂತ್ರದಲ್ಲಿ ಸಿದ್ಧವಾಗಿ ಕುಳಿತಿದ್ದೆ. ಲೋಕದ ಎಲ್ಲ ಫೋನುಗಳಲ್ಲಿ ಮೂಕವಾಗಿಯೇ ಇದ್ದೆ. ಗುರುವಾರ ಚನ್ನವೀರಪ್ಪ ಅವನಿಗೆ ಫೋನ್ ಮಾಡಿ ಹೇಳಿದ: ಎದೆಯಲ್ಲಿ ನೀರು ತುಂಬಿ ಅವಳನ್ನು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಒಯ್ದಿದ್ದಾರೆ, ಆಮ್ಲಜನಕ ಕೊಟ್ಟಿದ್ದಾರೆ.

ಫಕೀರೇಶ ಆಮೇಲೆ ಅಧ್ಯಕ್ಷರಿಗೆ ಫೋಟೋ ಕಳಿಸಲಿಲ್ಲ. ಮೂಕ ಚೌಕವಿದ್ದ ಪುಟವನ್ನು ಫೋನು ಓದುವ ದನಿಯನ್ನು ರೆಕಾರ್ಡ್ ಮಾಡಿ ಕಳಿಸಿದ.

“ಮಂಚದ ಸುದ್ದೀನ ಬರಲಿಲ್ಲಲ್ಲೋ ಇದರಾಗ,” ಅಂದರು ಅವರು ಫೋನಿನಲ್ಲಿ.

“ಹೌದ್ರಿ. ಹುಬ್ಬಳ್ಳಿ ಆಸ್ಪತ್ರ್ಯಾಗ ಇರೋ ಕಣ್ಣಿಲ್ಲದ ಅಕ್ಕಗೂ ಇಷ್ಟ ಕೇಳಸ್ತೈತ್ರಿ.”

ಅಧ್ಯಕ್ಷರು ಅದನ್ನು ಮತ್ತೊಮ್ಮೆ ಹಾಕಿ ಕೇಳಿದರು. “ಹಾಕು,” ಅಂದರು ಕಡೆಗೆ.

ಮೂರನೆಯ ಸೋಮವಾರ ಹತ್ತು ಗಂಟೆಗೆ ಬೆರಳುಗಳು ಬಂದವು. ಅವಳದಿರಲಿಲ್ಲ. ಹಾಸಿಗೆಗಳು ಒಂದೊಂದಾಗಿ ತುಂಬುತ್ತಿದ್ದವು. ಆಗ ಒಂದು ದಪ್ಪ, ಒರಟು ಬೆರಳು ನನ್ನನ್ನು ತಾಗಿತು. ಫೋನು ನನ್ನ ಹೆಸರು ಹೇಳಿತು. ಚನ್ನವೀರಪ್ಪ ಬೆಚ್ಚಿ ಕೈ ತೆಗೆದ.

“ಹೆಸರು ಅಂತೇನು?” ಹುಬ್ಬಳ್ಳಿಯಿಂದ ಮನೆಗೆ ಮರಳಿದ್ದ ಅವಳ ತೆಳುವಾದ ದನಿ ಪಕ್ಕದಲ್ಲಿ ಕೇಳಿಸಿತು.

“ಅಂತು. ಒತ್ಲೇನು?”

“ತಡೀರಿ. ಇಲ್ಲಿ ಕೊಡ್ರಿ.”

ಅವಳ ಬೆರಳು ಮೊದಲಿಗಿಂತ ಹಗುರಾಗಿತ್ತು. ಒತ್ತಿದಳೋ ಇಲ್ಲವೋ ಎಂದು ನನಗೇ ಅನುಮಾನವಾಯಿತು. ಬುಧವಾರದ ಹಾಸಿಗೆ ಸಿಕ್ಕಿತು.

ಇದೆಲ್ಲ ಆಗಿ ವರ್ಷಗಳಾದವು. ವೆಬ್ ಪುಟದ ಲೆಕ್ಕದಲ್ಲಿ ನನಗೀಗ ಮುಪ್ಪು. ಫಕೀರೇಶ ಕೆಲಸ ಬಿಟ್ಟಿದ್ದಾನೆ. ಬರೆದವರು ಹೋಗುತ್ತಾರೆ, ಬರೆದದ್ದು ಉಳಿಯುತ್ತದೆ. ಹಾಗೆ ಯಾಕೆ ಬರೆದರೆಂಬುದು ಮಾತ್ರ ಉಳಿಯುವುದಿಲ್ಲ. ನನ್ನ ಸಾಲಿನ ಮೇಲೆ ಯಾರೂ ಅದನ್ನು ಬರೆದಿಟ್ಟಿಲ್ಲ. ಹೊಸಬರ ಕಣ್ಣಿಗೆ ನಾನು ಒಂದು ಚಿತ್ರ, ಅದರ ಹಿಂದೆ ಯಾರಿಗೂ ಕಾಣದ, ಬೇಡವೆನಿಸುವ ನಾಲ್ಕು ಅಕ್ಷರ. ಗುರುಸಿದ್ಧವ್ವ ಇನ್ನೂ ಬರುತ್ತಾಳೆ. ಒತ್ತಿದ ಮೇಲೂ ಬೆರಳು ತೆಗೆಯದೆ ಸ್ವಲ್ಪ ಹೊತ್ತು ಇಟ್ಟಿರುತ್ತಾಳೆ.

ಇವತ್ತು ಭಾನುವಾರ. ಗುರುತಿಲ್ಲದ ಯಾರೋ ಕಡತ ತೆರೆದಿದ್ದಾರೆ. ಅನಗತ್ಯವಾದದ್ದನ್ನೆಲ್ಲ ತೆಗೆದು ಸ್ವಚ್ಛ ಮಾಡುತ್ತಾ ಒಂದೊಂದೇ ಸಾಲು ಕೆಳಗೆ ಬರುತ್ತಿದ್ದಾರೆ. ಕರ್ಸರ್ ಈಗ ನನ್ನ ಹೆಸರಿನ ಮುಂದೆ ನಿಂತು ಮಿಟುಕುತ್ತಿದೆ.