ಏಳನೆಯ ಸಾಲು

ಹತ್ತು ದಿನದಿಂದ, ಕಾಲೇಜಿನ ಹುಡುಗರೆಲ್ಲ ರೇಡಿಯೋ ಮೇಡಂ ಎಂದೇ ಕರೆಯುವ ಉಪನ್ಯಾಸಕಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಹಿಡಿಯದೆ ಏನು ಮತ್ತೆ? ಕಾಲೇಜಿನ ಮಾಳಿಗೆಯ ಕೋಣೆಯಲ್ಲಿ ಮೂರು ವರ್ಷ ಕೂತು, ಕೈಯಾರೆ ಬೆಸುಗೆ ಹಾಕಿ ಕಟ್ಟಿದ ಉಪಗ್ರಹ, ಊಟದ ಡಬ್ಬಿಯಷ್ಟು ದೊಡ್ಡದು, ಮೇಲೆ ಹೋದದ್ದೇ ಕೈಗೆ ಸಿಗದಂತಾಗಿತ್ತು. ರಾಕೆಟ್ಟು ಅದರ ಜೊತೆ ಬೇರೆಯವರ ಹನ್ನೊಂದು ಡಬ್ಬಿಗಳನ್ನೂ ಉದುರಿಸಿತ್ತು. ಯಾವ ಡಬ್ಬಿ ಯಾವಾಗ, ಎಲ್ಲಿ ಹಾಯುತ್ತದೆಂದು ರಾಡಾರಿನವರು ದಿನಾ ಹನ್ನೆರಡು ಸಾಲಿನ ಪಟ್ಟಿ ಕಳಿಸುತ್ತಿದ್ದರು. ಯಾವ ಸಾಲು ಯಾರದೆಂದು ಪಾಪ ಅವರಿಗೂ ಗೊತ್ತಿಲ್ಲ. ತನ್ನದು ಏಳನೆಯದಾಗಿ ಹೊರಬಿದ್ದದ್ದು, ಹಾಗಾಗಿ ಏಳನೆಯ ಸಾಲೇ ತನ್ನದು ಎಂದು ಮೇಡಂ ಗೋಡೆಯ ಮೇಲೆ ದಪ್ಪಗೆ ಬರೆದಿಟ್ಟು, ದಿನಾ ಆಂಟೆನಾವನ್ನು ಅದರ ಕಡೆಗೇ ತಿರುಗಿಸುತ್ತಿದ್ದಳು.

ಇವತ್ತು ಕೊನೆಯ ಅವಕಾಶ. ಹತ್ತು ದಿನ ನೆಲದಿಂದ ಒಂದೂ ಆಜ್ಞೆ ಬರದಿದ್ದರೆ ಉಪಗ್ರಹದ ರೇಡಿಯೋ ಶಾಶ್ವತವಾಗಿ ಬಾಯಿ ಮುಚ್ಚಬೇಕೆಂದು ಪ್ರೋಗ್ರಾಂ ಬರೆದವಳೂ ಇವಳೇ. ಎಂಥ ಬುದ್ಧಿ! ಗಡುವು ಮಧ್ಯಾಹ್ನ ಹನ್ನೆರಡಕ್ಕೆ. ಅದಕ್ಕೆ ಮುಂಚೆ ಅದು ಊರಿನ ಮೇಲೆ ಹಾಯುವುದು ಹನ್ನೊಂದೂಕಾಲರ ಸುಮಾರಿಗೆ, ಒಂದೇ ಸಲ.

ಸತ್ತೇಹೋಗಿದೆ ಎನ್ನೋಣವೆಂದರೆ ಹಾಗೂ ಅಲ್ಲ. ದಿನಾ ಏಳನೆಯದು ದಿಗಂತದಾಚೆ ಮುಳುಗಿದ ಮೇಲೆ ಸ್ಪೀಕರಿನಲ್ಲಿ ಸಣ್ಣಗೆ ಕುಂಯ್ ಕುಂಯ್ ಕೇಳುತ್ತಿತ್ತು. ಮುಳುಗಿದ್ದು ಕೂಗುವುದೆಂದರೇನು? ಗಡಿಯಾರ ನೋಡಿದಳು, ಸರಿಯಿತ್ತು. ಕೇಬಲ್ ಬದಲಾಯಿಸಿದಳು. ಪಕ್ಕದ ವಿಭಾಗದ ಕಂಪ್ಯೂಟರ್ ಹೊತ್ತು ತಂದಳು. ಮತ್ತದೇ ಕುಂಯ್. ತನ್ನ ಕಿವಿಯ ಮೇಲೇ ಅನುಮಾನ ಬಂತು.

ಮಗಳು ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಇವತ್ತು ಬೆಳಿಗ್ಗೆ ಅಮ್ಮ ಬುತ್ತಿ ಹಿಡಿದು ಬಂದಿದ್ದಳು. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಎಲ್ಲ ಕೇಳಿಸಿಕೊಂಡು ಗೋಡೆ ನೋಡಿದಳು.

“ಏಳು ಅಂತ ಯಾರೇ ಹೇಳಿದ್ದು?”

“ಏಳನೇದಾಗಿ ಹೊರಗೆ ಬಂತಲ್ಲಮ್ಮ!”

“ಅಯ್ಯೋ ನಿನ್ನ! ಹುಟ್ಟಿದ ಕ್ರಮದಲ್ಲೇ ತೊಟ್ಟಿಲು ಇಡ್ತಾರಾ? ಎಲ್ಲಿ ಜಾಗ ಇದೆಯೋ ಅಲ್ಲಿ ಮಲಗಿಸ್ತೀವಿ. ಅಳು ಎತ್ತ ಕಡೆಯಿಂದ ಬರ್ತಿದೆಯೋ ಅತ್ತ ತಿರುಗು.”

ಮೇಡಂ ಗೋಡೆಯ ಮೇಲಿನ ಏಳನ್ನು ಮತ್ತೊಮ್ಮೆ ನೋಡಿದಳು. ಹಾಗಾದರೆ ತನ್ನದು ಏಳರ ಹಿಂದೆ ಬರುತ್ತಿದೆಯೇ? ಎಂಟೋ, ಹನ್ನೊಂದೋ? ಲೆಕ್ಕ ಹಾಕಲು ಹೊತ್ತೆಲ್ಲಿದೆ! ಆಂಟೆನಾವನ್ನು ಕಂಬದಿಂದ ಬಿಚ್ಚಿ ಹೆಗಲಿಗೇರಿಸಿ, ಉದ್ದನೆಯ ಕೇಬಲ್ ಎಳೆದುಕೊಂಡು ಬಯಲಿಗೆ ಬಂದಳು. ಅಮ್ಮನನ್ನು ಮೇಲೆ ಕಿಟಕಿಯ ಪಕ್ಕ, ಸ್ಪೀಕರು ಹೊರಗೆ ತಿರುಗಿಸಿ, ಆಜ್ಞೆ ಕಳಿಸುವ ಗುಂಡಿಯ ಮುಂದೆ ಕೂರಿಸಿ ಬಂದಿದ್ದಳು.

ಏಳನೆಯದು ನೆತ್ತಿ ದಾಟಿತು. ಆಂಟೆನಾವನ್ನು ಅತ್ತ ತಿರುಗಿಸಲು ಕೈ ತುಡಿಯಿತು, ತಿರುಗಿಸಲಿಲ್ಲ. ತಪ್ಪಿದರೆ ಮೂರು ವರ್ಷ ನೀರುಪಾಲು. ಒಂದು ನಿಮಿಷ, ಎರಡು ನಿಮಿಷ.

ಕುಂಯ್.

ದಕ್ಷಿಣಕ್ಕೆ ವಾಲಿದಳು, ದನಿ ಸಣ್ಣಗಾಯಿತು. ಮೇಲಕ್ಕೆತ್ತಿದಳು, ಜೋರಾಯಿತು.

“ಒತ್ತಮ್ಮಾ!”

ಅಮ್ಮ ಒತ್ತಿದಳು. ಸ್ಪೀಕರು ಗಪ್‌ಚಿಪ್ಪಾಯಿತು. ಆಮೇಲೆ ಉದ್ದನೆಯ ಮೂರು ಕೂಗು, ಸ್ಪಷ್ಟವಾಗಿ. ಆ ಆಜ್ಞೆಗೆ ಹಾಗೆ ಓಗೊಡುವುದು ಹನ್ನೆರಡರಲ್ಲಿ ಒಂದೇ ಒಂದು.

ಮೇಡಂ ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತಳು.

“ಯಾವ ನಂಬರೇ ಅದು?”

“ಗೊತ್ತಿಲ್ಲಮ್ಮ,” ಎಂದು ಮೂಗೊರೆಸಿಕೊಂಡು ನಕ್ಕಳು. “ನಾನು ಹುಟ್ಟಿದಾಗ ನಾನೇ ನಿನ್ನ ಮಗಳು ಅಂತ ನಿಂಗೆ ಹೇಗೆ ಗೊತ್ತಾಯ್ತು?”

ಅಮ್ಮ ಬುತ್ತಿ ಬಿಚ್ಚುತ್ತಿದ್ದಳು. “ಕೈಗೆ ಕಟ್ಟಿದ್ದ ಚೀಟಿಯಲ್ಲಿ ಬೇರೆ ಯಾರದೋ ಹೆಸರಿತ್ತು ಕಣೇ. ನಾನು ಕರೆದೆ, ನೀನು ಅಳು ನಿಲ್ಲಿಸಿದೆ.”

“ಅಷ್ಟೇನಾ?”

“ಅಷ್ಟೇ. ಕೈ ತೊಳ್ಕೊಂಡು ಬಾ, ಊಟ ಆರುತ್ತೆ.”