ಏಳನೇ ಷರತ್ತು

ಇಪ್ಪತ್ತೆರಡು ವರ್ಷದಿಂದ ವಕೀಲರ ಕಚೇರಿಯಲ್ಲಿ ಟೈಪಿಂಗ್ ಮಾಡುತ್ತಿದ್ದೇನೆ. ನೂರಾರು ಗಂಡ-ಹೆಂಡಿರನ್ನು ಈ ಹತ್ತು ಬೆರಳುಗಳೇ ಬೇರೆ ಮಾಡಿವೆ. ಅರ್ಧ ವಕೀಲಳೆಂಬ ಕೊಬ್ಬು ನನಗಿತ್ತು. ತಂಗಿ ವಿಚ್ಛೇದನಕ್ಕೆ ಹೊರಟಾಗ, ವಕೀಲರಿಗೆ ಯಾಕೆ ದುಡ್ಡು ಸುರಿಯುತ್ತೀ ಎಂದು ಗದರಿ, ಊಟದ ಬಿಡುವಿನಲ್ಲಿ ನಾನೇ ಒಪ್ಪಂದ ಬರೆದುಕೊಟ್ಟೆ. ಏಳನೇ ಷರತ್ತಿನ ಮೇಲೆ ನನಗೆ ಭಾರೀ ಹೆಮ್ಮೆ: ಗಂಡನ ಟೈರ್ ಅಂಗಡಿಯ ಸಾಲವೆಲ್ಲ ಅವನ ತಲೆಗೇ, ಅದಕ್ಕೆ ಬದಲಾಗಿ ಹೆಂಡತಿ ಜೀವನಾಂಶ ಕೇಳುವಂತಿಲ್ಲ. ಅವನ ಕಾಸೂ ಬೇಡ, ಸಾಲವೂ ಬೇಡ, ಪೀಡೆ ತೊಲಗಿದರೆ ಸಾಕು ಅಂದುಕೊಂಡೆವು.

ಇವತ್ತು ತಂಗಿ ಬ್ಯಾಂಕಿನ ನೋಟಿಸು ಹಿಡಿದು ಕಚೇರಿಗೆ ಬಂದಳು. ಆ ಮಹರಾಯ ಕೋರ್ಟಿನಲ್ಲಿ ದಿವಾಳಿಯೆಂದು ಕೈ ಎತ್ತಿದ್ದಾನೆ. ಅವನ ಸಾಲಕ್ಕೆ ಹಿಂದೆ ಇವಳೇ ಜಾಮೀನು ಹಾಕಿದ್ದಳು; ಅಮ್ಮ ಇವಳಿಗೆ ಬಿಟ್ಟುಹೋದ ಎರಡು ಕೋಣೆಯ ಮನೆಯನ್ನೇ ಅಡವಿಟ್ಟಿದ್ದಳು. ಕೆಲಸಕ್ಕೆ ಹೋಗುವ ತಾಯಂದಿರ ಒಂಬತ್ತು ಮಕ್ಕಳನ್ನು ಹಗಲೆಲ್ಲ ಅದೇ ಮನೆಯಲ್ಲಿ ನೋಡಿಕೊಂಡು ಹೊಟ್ಟೆ ಹೊರೆಯುತ್ತಾಳೆ. ಮನೆ ಹೋದರೆ ಅನ್ನವೂ ಹೋದಂತೆ. ಆದರೂ ಅವಳು ಹೆದರಿರಲಿಲ್ಲ. ಅಕ್ಕ ಬರೆದ ಏಳನೇ ಷರತ್ತು ಇದೆಯಲ್ಲ.

ನಮ್ಮ ವಕೀಲರು ಒಪ್ಪಂದವನ್ನು ಎರಡು ಸಲ ಓದಿದರು.

"ನೋಡಮ್ಮ, ಇದು ನೀವಿಬ್ರೂ ಮಾಡ್ಕೊಂಡ ಮಾತು. ಬ್ಯಾಂಕಿನವರು ಇದರಲ್ಲಿ ಎಲ್ಲಿ ಸಹಿ ಹಾಕಿದಾರೆ? ಗಂಡನ್ನ ಬಿಟ್ರೂ ಜಾಮೀನು ನಿನ್ನ ಬಿಡಲ್ಲ."

ಅವನಿಂದ ಏನೂ ಬರುವುದಿಲ್ಲವೇ ಎಂದು ತಂಗಿ ಕೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ದಿವಾಳಿ ಆದ್ರೂ ಅವನು ತಪ್ಪಿಸ್ಕೊಳ್ಳೋಕೆ ಆಗದೇ ಇದ್ದಿದ್ದು ಜೀವನಾಂಶ ಒಂದೇ. ಅದನ್ನೇ ಬಿಟ್ಟುಕೊಟ್ಟಿದೀಯ. ಯಾರು ಬರೆದಿದ್ದು ಇದನ್ನ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನೇ ಎನ್ನಬೇಕಿತ್ತು. ಮೇಜಿನ ಮೇಲಿನ ಫೈಲುಗಳನ್ನು ಜೋಡಿಸತೊಡಗಿದೆ.

"ಪರಿಚಯದವರು ಸರ್," ಎಂದಳು ತಂಗಿ, ನನ್ನ ಕಡೆ ನೋಡದೆ. "ದುಡ್ಡು ತಗೊಳ್ಳಲಿಲ್ಲ."

ಮನೆ ಹರಾಜಾದರೂ ಸಾಲ ಪೂರ್ತಿ ತೀರುವುದಿಲ್ಲ, ಇವಳೂ ದಿವಾಳಿ ಅರ್ಜಿ ಹಾಕುವುದೊಂದೇ ದಾರಿ ಎಂದರು ವಕೀಲರು. ಅರ್ಜಿಯನ್ನು ಈಗಲೇ ಟೈಪ್ ಮಾಡಲು ನನಗೆ ಹೇಳಿ ಕೋರ್ಟಿಗೆ ಹೋದರು.

ತಂಗಿ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು, ಅರ್ಜಿಯಲ್ಲಿ ತೋರಿಸಬೇಕಾದ ತನ್ನ ಸಾಮಾನುಗಳನ್ನು ಒಂದೊಂದಾಗಿ ಹೇಳುತ್ತ ಹೋದಳು. ಪಾತ್ರೆ, ಹಾಸಿಗೆ, ಪುಟ್ಟ ಕುರ್ಚಿ ಒಂಬತ್ತು. ಕುರ್ಚಿಗಳು ದುಡಿಮೆಯ ಸಾಮಾನು, ಕಾನೂನು ಅವನ್ನು ಮುಟ್ಟುವುದಿಲ್ಲ. ಅವನ್ನು ಹಾಕಲು ಮನೆ ಇರುವುದಿಲ್ಲ, ಅಷ್ಟೆ.

ಅಲ್ಲಿಗೆ ನನ್ನ ಕೈ ನಿಂತಿತು. ಸಂಜೆ ವಕೀಲರು ಬಂದ ಮೇಲೆ ನಿಜ ಹೇಳಿಬಿಡುತ್ತೇನೆ ಎಂದೆ.

"ಹೇಳಿ ಏನ್ಮಾಡ್ತೀಯ? ನಿನ್ನ ಕೆಲಸಾನೂ ಹೋದ್ರೆ ನಾನು ಯಾರ ಮನೇಗೆ ಬರ್ಲಿ ಅಕ್ಕ?" ಎಂದಳು. "ಟೈಪ್ ಮಾಡು."

ಟೈಪ್ ಮಾಡಿದೆ.